ಹೆಸರು ತಿಳಿದರೆ ಕೈ ತಿಳಿಯುತ್ತದೆ: ಚೋಯ್ ಲೀ ಫತ್ ಹೊಡೆತಗಳನ್ನು ಕಲಿಯುವ ಬಗೆ

ಚೋಯ್ ಲೀ ಫತ್ ಅನ್ನುವುದು ಚೀನಾದ ಒಂದು ಕುಂಗ್‌ಫು ಪದ್ಧತಿ. ಮೊದಲ ದಿನವೇ ಗುದ್ದುವುದನ್ನು ಹೇಳಿಕೊಡುತ್ತಾರೆ ಅಂದುಕೊಂಡು ಹೋಗಿದ್ದೆ. ಸೀಚೇ ನನ್ನ ಎದುರು ಬಗ್ಗಿ ನಿಂತರು. ಎಡಗೈಯಲ್ಲಿ ಏನೋ ಕಟ್ಟು ಹಿಡಿದ ಹಾಗೆ ಮಾಡಿದರು. ಬಲಗೈ ಬೆರಳುಗಳನ್ನು ನೆಲದ ಕಡೆಗೆ ಚುಚ್ಚಿ ತೆಗೆದರು, ಮತ್ತೆ ಚುಚ್ಚಿ ತೆಗೆದರು. ‘ಛಾಪ್ ಯೋಂಗ್’ ಅಂದರು. ನಾನು ಮಂಡ್ಯದ ಕಡೆಯವಳು. ಅದೇನು ಅಂತ ನನಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಭತ್ತದ ನಾಟಿ.

ಆಮೇಲೆ ನೆಟ್ಟಗೆ ನಿಂತು, ಅದೇ ಕೈಯನ್ನು ನನ್ನ ಪಕ್ಕೆಲುಬಿನ ಕಡೆಗೆ ಚಾಚಿ, ಒಂದು ಬೆರಳಿನಷ್ಟು ದೂರದಲ್ಲಿ ನಿಲ್ಲಿಸಿದರು. ‘ಛಾಪ್ ಛುಯ್.’ ನಾಟುವ ಗುದ್ದು.

ಅದು 2009. ಹಾಂಗ್‌ಕಾಂಗ್‌ನ ಶಾಮ್ ಶೂಯಿ ಪೊ ಬಡಾವಣೆ, ಒಂದು ಹಳೇ ಕಟ್ಟಡದ ತಾರಸಿ. ನಾನು ಆಗ ಕ್ವಾಯ್ ಚುಂಗ್‌ನ ಕಂಟೇನರ್ ಬಂದರಿನ ಹತ್ತಿರ ಆಫೀಸ್ ಕೆಲಸದಲ್ಲಿದ್ದೆ. ಸೀಚೇ ಅನ್ನುವುದು ಹೆಸರಲ್ಲ. ಒಬ್ಬರೇ ಗುರುವಿನ ಹತ್ತಿರ ಕಲಿಯುವವರಲ್ಲಿ ನಮಗಿಂತ ಮೊದಲು ಬಂದ ಹೆಂಗಸನ್ನು ಹಾಗೆ ಕರೆಯಬೇಕು, ಅಕ್ಕ ಅಂದ ಹಾಗೆ. ಗುರುವನ್ನು ಸಿಫು ಅನ್ನುತ್ತಾರೆ, ಅದರಲ್ಲಿ ಬರುವ ‘ಫು’ ಅಂದರೆ ಅಪ್ಪ. ಸಿಫು ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ನೋಡುತ್ತಿದ್ದರು. ನನಗೆ ಕೈ ಹಿಡಿದು ಕಲಿಸಿದ್ದು ಜಾಸ್ತಿ ಸೀಚೇನೇ. ಅವರಿಗೆ ಅರವತ್ತರ ಹತ್ತಿರ ವಯಸ್ಸು. ಹಗಲೆಲ್ಲಾ ಬಟ್ಟೆ ಅಂಗಡಿ, ಸಂಜೆ ಏಳಕ್ಕೆ ತಾರಸಿ. ನನ್ನನ್ನು ‘ಸಿಮುಯ್’ ಅನ್ನುತ್ತಿದ್ದರು, ತಂಗಿ ಅಂತ. ಅವರ ಹತ್ತಿರ ಆರು ವರ್ಷ ಕಲಿತೆ.

ಈಗ ಮೈಸೂರಿನಲ್ಲಿದ್ದೇನೆ. ನಮ್ಮ ಮನೆ ಮಹಡಿ ಮೇಲೆ ಅಕ್ಕನ ಮಕ್ಕಳಿಬ್ಬರಿಗೆ ಇದನ್ನೇ ಹೇಳಿಕೊಡುತ್ತಿದ್ದೇನೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಈ ಕಲೆಯಲ್ಲಿ ಹೊಡೆತಗಳ ಹೆಸರುಗಳು ಹೆಚ್ಚಾಗಿ ದಿನನಿತ್ಯದ ಕೆಲಸಗಳ ಹೆಸರು. ನಾಟು, ನೇತು ಹಾಕು, ಎಸೆ, ಸೀಳು, ಅಂಗಿಯ ಗುಂಡಿ ಹಾಕು. ಆ ಕೆಲಸ ಮಾಡುವಾಗ ತೋಳು ಹೇಗೆ ಓಡಾಡುತ್ತದೋ ಹೊಡೆತದಲ್ಲೂ ಹಾಗೇ ಓಡಾಡಬೇಕು. ಹೆಸರಿನ ಅರ್ಥ ಮನಸ್ಸಿನಲ್ಲಿದ್ದರೆ, ಗುರು ಎದುರಿಗಿಲ್ಲದಾಗಲೂ ನಿಮ್ಮ ಕೈ ತಪ್ಪಿದ್ದು ನಿಮಗೇ ಗೊತ್ತಾಗುತ್ತದೆ.

ಮೊದಲು ಈ ಕಲೆಯ ಊರು. ಚೀನಾದ ದಕ್ಷಿಣದಲ್ಲಿ ಗುವಾಂಗ್‌ಡಾಂಗ್ ಪ್ರಾಂತ್ಯ, ಅದರೊಳಗೆ ಶಿನ್‌ಹುಯಿ. ಅಲ್ಲಿನ ಕಿಂಗ್ ಮುಯ್ ಹಳ್ಳಿಯ ಚಾನ್ ಹ್ಯೂಂಗ್ ಎಂಬುವರು 1836ರಲ್ಲಿ ಈ ಪದ್ಧತಿಗೆ ಹೆಸರಿಟ್ಟರು. ಅವರು ಹುಟ್ಟಿದ್ದು 1806ರಲ್ಲಿ, ತೀರಿಕೊಂಡಿದ್ದು 1875ರಲ್ಲಿ. ಪರಂಪರೆ ಹೇಳುವಂತೆ ಅವರಿಗೆ ಮೂವರು ಗುರುಗಳು. ಮೊದಲು ಸ್ವಂತ ಚಿಕ್ಕಪ್ಪ, ಆಮೇಲೆ ಲೀ ಯಾವ್ ಸಾನ್, ಕೊನೆಗೆ ಲೋಫೌ ಬೆಟ್ಟದಲ್ಲಿದ್ದ ಸನ್ಯಾಸಿ ಚೋಯ್ ಫುಕ್. ಕೊನೆಯ ಗುರುವಿನ ಹೆಸರಿನಿಂದ ಚೋಯ್, ನಡುವಿನವರಿಂದ ಲೀ. ಚಿಕ್ಕಪ್ಪ ಕಲಿಸಿದ್ದು ಬೌದ್ಧ ಮೂಲದ ಹೊಡೆತಗಳು, ಅದಕ್ಕೇ ಬುದ್ಧ ಅನ್ನುವ ಅರ್ಥದ ಫತ್. ತನ್ನ ಹೆಸರನ್ನು ಎಲ್ಲೂ ಸೇರಿಸದೆ ಕಲಿಸಿದವರ ಹೆಸರನ್ನೇ ಇಟ್ಟರಲ್ಲಾ, ಅದು ನನಗೆ ಬಹಳ ಇಷ್ಟ. ಆಮೇಲೆ ಕವಲುಗಳಾದವು. ಫೋಶಾನ್ ಊರಿನ ಹುಂಗ್ ಸಿಂಗ್ ಶಾಲೆ ಚ್ಯೋಂಗ್ ಯಿಮ್ ಅವರದು. ಗುವಾಂಗ್‌ಝೌ ನಗರದ ಉತ್ತರ ಭಾಗದಲ್ಲಿ ತಾಮ್ ಸಾಮ್ ಕಲಿಸಿದ್ದು ಪಕ್ ಸಿಂಗ್ ಆಯಿತು, ಅಂದರೆ ಉತ್ತರದ ಗೆಲುವು. ಹೊಡೆತಗಳ ಹೆಸರು ಎಲ್ಲಾ ಕಡೆ ಹೆಚ್ಚುಕಮ್ಮಿ ಒಂದೇ. ಮಾಡುವ ರೀತಿಯಲ್ಲಿ ಸಣ್ಣ ಸಣ್ಣ ವ್ಯತ್ಯಾಸಗಳಿವೆ. ನಾನು ಹೇಳುವುದು ನಾನು ಕಲಿತ ತಾರಸಿಯ ರೀತಿ.

ಹೆಸರು ಹೇಳುವುದರ ಬಗ್ಗೆ ಒಂದು ಮಾತು. ಇದರಲ್ಲಿ ಕನ್ನಡದವರಿಗೆ ಒಂದು ಅನುಕೂಲವಿದೆ. ಈ ಹೆಸರುಗಳು ಹಾಂಗ್‌ಕಾಂಗ್‌ನಲ್ಲಿ ಆಡುವ ಕ್ಯಾಂಟನೀಸ್ ಭಾಷೆಯವು. ಅದರಲ್ಲಿ ಅಲ್ಪಪ್ರಾಣ, ಮಹಾಪ್ರಾಣ ಬೇರೆ ಬೇರೆ. ಇಂಗ್ಲಿಷ್‌ನಲ್ಲಿ ಒಂದೇ ಹೊಡೆತವನ್ನು ಒಬ್ಬರು ‘ಗ್ವಾ’ ಅಂತ ಬರೆಯುತ್ತಾರೆ, ಇನ್ನೊಬ್ಬರು ‘ಕ್ವಾ’ ಅಂತ. ಓದುವವರಿಗೆ ಗೊಂದಲ. ನಮ್ಮ ಲಿಪಿಯಲ್ಲಿ ಸುಮ್ನೆ ‘ಕ್ವಾ’ ಅಂತ ಬರೆದರೆ ಮುಗಿಯಿತು, ಅದು ಕಮಲದ ಕ. ಛಾಪ್, ಛುಯ್ ಎರಡರಲ್ಲೂ ಛತ್ರಿಯ ಛ, ಉಸಿರು ಜೋರಾಗಿ ಹೊರಬರಬೇಕು. ಮುಂದೆ ಬರುವ ಫಾವ್ ಮತ್ತು ಫೆಕ್‌ಗಳಲ್ಲಿ ಇರುವುದು ಫಲದ ಫ. ಫ್ಯಾನ್‌ನ ಫ ಅಂದುಕೊಂಡರೆ ತಪ್ಪಾಗುತ್ತದೆ. ಫತ್ ಮತ್ತು ಸಿಫು ಮಾತ್ರ ಫ್ಯಾನ್‌ನ ಹಾಗೆ. ಸ್ವರದ ಏರಿಳಿತ ಬೇರೆ ಇದೆ, ಅದನ್ನು ಕಿವಿಯಿಂದಲೇ ಕಲಿಯಬೇಕು. ಛುಯ್ ಅಂದರೆ ಮುಷ್ಟಿಯಿಂದ ಕುಟ್ಟುವುದು. ಅಜ್ಜಿಯ ಬೆನ್ನು ನೋಯುವಾಗ ಮೊಮ್ಮಕ್ಕಳು ಮೆಲ್ಲಗೆ ಗುದ್ದುತ್ತಾರಲ್ಲಾ, ಅದಕ್ಕೂ ಅಲ್ಲಿ ಇದೇ ಪದ.

ಕೈಗೆ ಹೋಗುವ ಮೊದಲು ಕಾಲು. ಇದನ್ನು ಬಿಟ್ಟು ಮುಂದೆ ಹೋಗಬೇಡಿ. ನಿಲುವಿಗೆ ಅಲ್ಲಿ ‘ಮಾ’ ಅನ್ನುತ್ತಾರೆ, ಕುದುರೆ ಅಂತ. ಪಾದಗಳನ್ನು ಭುಜದ ಅಗಲಕ್ಕಿಂತ ಎರಡು ಪಟ್ಟು ದೂರ ಇಡಿ. ಬೆರಳುಗಳು ಮುಂದಕ್ಕೆ. ಕುದುರೆ ಮೇಲೆ ಕೂತ ಹಾಗೆ ಕೆಳಗಿಳಿಯಿರಿ. ಮೊಣಕಾಲು ಒಳಗೆ ಬೀಳಬಾರದು, ಪಾದದ ಬೆರಳುಗಳನ್ನು ದಾಟಿ ಮುಂದೆ ಹೋಗಬಾರದು. ಬೆನ್ನು ನೆಟ್ಟಗೆ. ಮೊದಲು ಮೂವತ್ತು ಸೆಕೆಂಡ್ ಸಾಕು. ನಾನು ಎರಡು ನಿಮಿಷಕ್ಕೆ ಬರಲು ಮೂರು ತಿಂಗಳು ಹಿಡಿಯಿತು. ಎರಡನೇ ನಿಲುವು ಮುಂದಿನ ಮೊಣಕಾಲು ಮಡಿಸಿ, ಹಿಂದಿನ ಕಾಲು ಚಾಚಿದ್ದು. ಕುದುರೆ ನಿಲುವಿನಿಂದ ಸೊಂಟ ತಿರುಗಿಸಿ ಆ ನಿಲುವಿಗೆ ಬನ್ನಿ, ವಾಪಸ್ ಹೋಗಿ. ಎರಡು ವಾರ ಬರೀ ಇಷ್ಟೇ ಮಾಡಿ. ಕೈ ಸೊಂಟದ ಮೇಲಿರಲಿ. ಚೋಯ್ ಲೀ ಫತ್‌ನ ಪೆಟ್ಟೆಲ್ಲಾ ಈ ಸೊಂಟದ ತಿರುವಿನಿಂದ ಬರುತ್ತದೆ.

ತೋಳಿನ ಬಗ್ಗೆ ಸಿಫು ಹೇಳುತ್ತಿದ್ದುದು ಒಂದೇ ಮಾತು: ಹಗ್ಗ, ಹಗ್ಗದ ತುದಿಗೆ ಕಬ್ಬಿಣದ ಗುಂಡು. ನಾನು ಅಕ್ಕನ ಮಕ್ಕಳಿಗೆ ಕವಣೆ ಅನ್ನುತ್ತೇನೆ. ಹೊಲದಲ್ಲಿ ಹಕ್ಕಿ ಓಡಿಸಲು ಕವಣೆ ಬೀಸುವವರನ್ನು ನೋಡಿ. ದಾರಕ್ಕೆ ಸ್ವಂತ ಬಲವಿಲ್ಲ. ಅದು ಸಡಿಲವಾಗಿರುವುದರಿಂದಲೇ ಕಲ್ಲಿಗೆ ವೇಗ. ತೋಳನ್ನು ಬಿಗಿ ಹಿಡಿದರೆ ಕವಣೆ ಕೋಲಾಗಿಬಿಡುತ್ತದೆ. ಮುಷ್ಟಿ ಕೂಡ ದಾರಿಯುದ್ದಕ್ಕೂ ಸಡಿಲ. ತಾಗುವ ಗಳಿಗೆಯಲ್ಲಿ ಮಾತ್ರ ಬಿಗಿ, ಮತ್ತೆ ಸಡಿಲ.

ಈಗ ಛಾಪ್ ಛುಯ್. ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ಇದು. ಬಲಗೈಯಿಂದ ಹೊಡೆಯುತ್ತೀರಿ ಅಂದುಕೊಳ್ಳಿ. ಕುದುರೆ ನಿಲುವಿನಲ್ಲಿ ನಿಂತು ಬಲಮುಷ್ಟಿ ಸೊಂಟದ ಪಕ್ಕ ಇಡಿ. ಸೊಂಟವನ್ನು ಎಡಕ್ಕೆ ತಿರುಗಿಸಿ. ಬಲಭುಜ ಮುಂದೆ ಬರುತ್ತದೆ, ಎಡಭುಜ ಹಿಂದೆ ಹೋಗುತ್ತದೆ. ತಿರುವು ಮುಗಿಯುವಷ್ಟರಲ್ಲಿ ನಿಮ್ಮ ಮೈ ಎದುರಿನವರಿಗೆ ಪೂರ್ತಿ ಅಡ್ಡವಾಗಿರಬೇಕು. ಬಲಮುಷ್ಟಿ, ಬಲಭುಜ, ಎಡಭುಜ ಒಂದೇ ಗೆರೆಯಲ್ಲಿ. ಎದೆ ಎದುರಿನವರ ಕಡೆಗೆ ಇರಬಾರದು. ಹೀಗೆ ಅಡ್ಡ ನಿಂತರೆ ಎರಡು ಲಾಭ. ನಿಮ್ಮ ಕೈ ಒಂದು ಗೇಣು ಜಾಸ್ತಿ ದೂರ ತಲುಪುತ್ತದೆ. ಅವರಿಗೆ ಹೊಡೆಯಲು ಸಿಗುವ ನಿಮ್ಮ ಮೈ ಅರ್ಧಕ್ಕೆ ಇಳಿಯುತ್ತದೆ.

ನಾಟಿಯ ಪಾಠ ಇಲ್ಲಿ ಕೆಲಸಕ್ಕೆ ಬರುತ್ತದೆ. ಪೈರು ನಾಟುವಾಗ ಬೆರಳು ನೇರವಾಗಿ ಕೆಸರಿಗೆ ಇಳಿಯುತ್ತದೆ, ಅಲ್ಲಾಡದೆ ಹೊರಗೆ ಬರುತ್ತದೆ. ಸೊಟ್ಟಗೆ ಹೋದರೆ ಪೈರು ನಿಲ್ಲಲ್ಲ. ಬೆರಳನ್ನು ಕೆಸರಿನಲ್ಲೇ ಬಿಟ್ಟು ಯೋಚಿಸುತ್ತಾ ನಿಂತರೆ ಸಾಲು ಮುಂದೆ ಹೋಗಲ್ಲ. ಛಾಪ್ ಕೂಡ ಹಾಗೇ, ನೇರ ಹೋಗಿ ನೇರ ಬರಬೇಕು. ಕನ್ನಡಿ ಮುಂದೆ ನಿಂತು ನೋಡಿ. ಮುಷ್ಟಿ ಬರೀ ಒಂದು ಚುಕ್ಕೆಯಂತೆ ಕಾಣಿಸುತ್ತಾ ದೊಡ್ಡದಾಗುತ್ತಾ ಬರಬೇಕು. ಪಕ್ಕದಿಂದ ಮೊಣಕೈ ಕಾಣಿಸಿದರೆ ಅದು ದಾರಿ ಬಿಟ್ಟಿದೆ ಅಂತ ಅರ್ಥ.

ಈ ಹೊಡೆತಕ್ಕೆ ಒಂದು ವಿಶೇಷ ಮುಷ್ಟಿ ಇದೆ. ಶುಂಠಿ ಮುಷ್ಟಿ ಅನ್ನುತ್ತಾರೆ. ಬೆರಳುಗಳನ್ನು ಪೂರ್ತಿ ಮಡಿಸದೆ, ನಡುವಿನ ಗೆಣ್ಣಿನಲ್ಲಿ ಮಾತ್ರ ಮಡಿಸಿ, ಬೆರಳ ತುದಿಗಳನ್ನು ಅಂಗೈಯ ಮೇಲಂಚಿಗೆ ಒತ್ತಿ ಹಿಡಿಯುವುದು. ಹೆಬ್ಬೆರಳು ಪಕ್ಕದಲ್ಲಿ ಒತ್ತಿರಬೇಕು. ಪಕ್ಕದಿಂದ ನೋಡಿದರೆ ಹಸಿ ಶುಂಠಿಯ ಗಂಟುಗಳಂತೆ ಕಾಣುತ್ತದೆ. ಅಗಲವಾದ ಮುಷ್ಟಿ ನುಗ್ಗದ ಸಂದಿಗೆ ಇದು ನುಗ್ಗುತ್ತದೆ. ಎರಡು ಪಕ್ಕೆಲುಬುಗಳ ನಡುವೆ, ಕಂಕುಳಿನ ಕೆಳಗೆ, ಗಂಟಲಿಗೆ. ನೋಡಲು ಬಹಳ ಚೆಂದ. ಆದರೆ ಹೊಸಬರು ಇದರಿಂದ ಏನನ್ನೂ ಹೊಡೆಯಬಾರದು. ನಾನು ಮೂರನೇ ತಿಂಗಳಲ್ಲಿ ಯಾರಿಗೂ ಹೇಳದೆ ಮರಳಿನ ಚೀಲಕ್ಕೆ ಹೊಡೆದೆ. ತೋರುಬೆರಳು ಮತ್ತು ನಡುಬೆರಳಿನ ಗೆಣ್ಣು ಊದಿಕೊಂಡವು. ಹತ್ತು ದಿನ ಟೈಪ್ ಮಾಡಲು ಆಗಲಿಲ್ಲ. ಸೀಚೇ ಬೈಯಲಿಲ್ಲ. ಪೆಟ್ಟಿಗೆ ಹಚ್ಚುವ ಗಿಡಮೂಲಿಕೆಯ ತೈಲ ತಂದು, ಪ್ರತಿ ಸಂಜೆ ತಾವೇ ಉಜ್ಜಿದರು. ಆ ಹತ್ತು ದಿನವೂ ಬರೀ ಕುದುರೆ ನಿಲುವು ಮಾಡಿಸಿದರು. ಆರು ತಿಂಗಳು ಪೂರ್ತಿ ಮಡಿಸಿದ ಸಾದಾ ಮುಷ್ಟಿಯಲ್ಲೇ ಛಾಪ್ ಮಾಡಿ. ಮಣಿಕಟ್ಟು ಮುಂಗೈಗೆ ನೇರವಾಗಿರಲಿ. ಅದು ಒಂದು ಕಡೆಗೆ ಬಾಗಿದರೆ ಪೆಟ್ಟು ನಿಮಗೇ.

ಕ್ವಾ ಅಂದರೆ ನೇತು ಹಾಕುವುದು. ಅಂಗಿಯನ್ನು ಗೋಡೆಯ ಗೂಟಕ್ಕೆ ನೇತು ಹಾಕುವಾಗ ಕೈ ಏನು ಮಾಡುತ್ತದೆ ನೋಡಿ. ಮೇಲೆ ಹೋಗುತ್ತದೆ, ಗೂಟ ದಾಟುತ್ತದೆ, ಅದರ ಮೇಲೆ ಇಳಿಯುತ್ತದೆ. ಬಲಗಾಲು ಮುಂದಿಟ್ಟು ನಿಂತು, ಬಲಮುಷ್ಟಿಯನ್ನು ಎಡಕಿವಿಯ ಹತ್ತಿರ ತನ್ನಿ. ಅಂಗೈ ಕಡೆ ನಿಮ್ಮ ಮುಖಕ್ಕೆ ಇರಲಿ. ಅಲ್ಲಿಂದ ಮೇಲಕ್ಕೆ, ಮುಂದಕ್ಕೆ, ಕೆಳಕ್ಕೆ. ತಾಗುವುದು ಮುಷ್ಟಿಯ ಹಿಂಭಾಗ, ದೊಡ್ಡ ಗೆಣ್ಣುಗಳು. ಮೂಗಿನ ಎತ್ತರದಲ್ಲಿ ನಿಲ್ಲಬೇಕು. ಹೊಸಬರ ಕೈ ಹೊಟ್ಟೆಯವರೆಗೂ ಜಾರುತ್ತದೆ. ಗೂಟಕ್ಕೆ ಹಾಕಿದ ಅಂಗಿ ನೆಲಕ್ಕೆ ಬಿದ್ದ ಹಾಗೆ.

ಕ್ವಾ ಒಂಟಿಯಾಗಿ ಬರುವುದು ಕಮ್ಮಿ. ಅದಕ್ಕೆ ಮೊದಲು ಇನ್ನೊಂದು ಕೈಯಿಂದ ‘ಕಮ್’ ಮಾಡುತ್ತೇವೆ, ಅಂದರೆ ಒತ್ತುವುದು. ಎದುರಿನವರ ಮುಂದಿನ ಕೈಯನ್ನು ನಿಮ್ಮ ಎಡ ಅಂಗೈ ಕೆಳಗೆ ಒತ್ತುತ್ತದೆ, ಆ ಜಾಗದ ಮೇಲಿಂದ ಬಲಗೈ ಇಳಿಯುತ್ತದೆ. ಪೆಟ್ಟು ತಾಗಿದರೆ ಸರಿ. ತಾಗದಿದ್ದರೂ ಅವರು ಮುಖ ಕಾಯಲು ಕೈ ಮೇಲೆತ್ತುತ್ತಾರೆ. ಆಗ ಕೆಳಗೆ ಬಾಗಿಲು ತೆರೆದ ಹಾಗೆ. ಈ ಹೊಡೆತದ ನಿಜವಾದ ಕೆಲಸ ಇದೇ ಅಂತ ನನ್ನ ಅನಿಸಿಕೆ.

ಸಾವ್ ಛುಯ್ ನೋಡಿದವರು ಚೋಯ್ ಲೀ ಫತ್ ಅಂತ ದೂರದಿಂದಲೇ ಗುರುತಿಸುತ್ತಾರೆ. ತೋಳು ಪೂರ್ತಿ ಚಾಚಿ, ಹಿಂದಿನಿಂದ ದೊಡ್ಡ ಸುತ್ತು ಹಾಕಿಕೊಂಡು ಬರುವ ಬೀಸು ಅದು. ಕೆಲವು ಶಾಲೆಗಳಲ್ಲಿ ಇದನ್ನು ಕಸ ಗುಡಿಸುವುದಕ್ಕೆ ಬಳಸುವ ಅಕ್ಷರದಿಂದಲೇ ಬರೆಯುತ್ತಾರೆ. ಅಂಗಳ ಗುಡಿಸುವ ಉದ್ದ ಪೊರಕೆಯನ್ನು ನೆನೆಸಿಕೊಳ್ಳಿ. ಗುಡಿಸುವವರು ತೋಳಿನಿಂದ ಗುಡಿಸಲ್ಲ. ಸೊಂಟ ತಿರುಗುತ್ತದೆ, ಪೊರಕೆ ಹಿಂದೆ ಬರುತ್ತದೆ.

ಎಡಗಾಲು ಮುಂದೆ. ಬಲಗೈ ಹಿಂದೆ, ಸೊಂಟದ ಎತ್ತರಕ್ಕಿಂತ ಸ್ವಲ್ಪ ಮೇಲೆ, ಸಡಿಲವಾಗಿ ಚಾಚಿರಲಿ. ಎಡಗೈ ಮುಂದೆ ಇರಲಿ. ಮೊದಲು ಹಿಂದಿನ ಪಾದ ನೆಲ ಒತ್ತಬೇಕು. ಆಮೇಲೆ ಸೊಂಟ ಎಡಕ್ಕೆ. ಆಮೇಲೆ ಭುಜ. ತೋಳು ಕೊನೆಗೆ. ಈ ಸರದಿ ತಪ್ಪಿ ತೋಳೇ ಮೊದಲು ಹೊರಟರೆ ಅದು ಬರೀ ಕೈ ಬೀಸಿದ ಹಾಗೆ, ಮೈಯ ಭಾರ ಅದರಲ್ಲಿ ಸೇರಲ್ಲ. ತೋಳು ಭುಜದ ಎತ್ತರಕ್ಕೆ ಬಂದು, ಸ್ವಲ್ಪ ಇಳಿಜಾರಾಗಿ, ಎಡ ಸೊಂಟದ ಕಡೆಗೆ ಮುಗಿಯಬೇಕು. ಅಷ್ಟರಲ್ಲಿ ಎಡಗೈ ವಾಪಸ್ ಬಂದು ಬಲಕೆನ್ನೆಯ ಹತ್ತಿರ ಅಂಗೈ ತೆರೆದು ಕಾವಲು ನಿಂತಿರಬೇಕು. ಇದನ್ನು ಎಲ್ಲರೂ ಮರೆಯುತ್ತಾರೆ. ದೊಡ್ಡ ಬೀಸಿನ ಬೆಲೆ ಏನೆಂದರೆ ನಿಮ್ಮ ಮುಖ ಒಂದು ಗಳಿಗೆ ಬಯಲಿಗೆ ಬೀಳುತ್ತದೆ. ಆ ಎಡಗೈ ಅದನ್ನು ಮುಚ್ಚುತ್ತದೆ.

ಇದರಲ್ಲಿ ಬರೀ ಮುಷ್ಟಿ ತಾಗಬೇಕಿಲ್ಲ. ಮುಂಗೈಯ ಒಳಬದಿಯ ಮೂಳೆಯೂ ತಾಗಬಹುದು. ಅದಕ್ಕೇ ದೂರದ ಅಂದಾಜು ಸ್ವಲ್ಪ ತಪ್ಪಿದರೂ ಸಾವ್ ಕೈಕೊಡಲ್ಲ. ಎದುರಿನವರು ಮುಂದೆ ಬಂದುಬಿಟ್ಟರೆ ಮುಂಗೈ ತಾಗುತ್ತದೆ, ಹಿಂದೆ ಸರಿದರೆ ಮುಷ್ಟಿ. ಕುತ್ತಿಗೆಯ ಪಕ್ಕ ಮತ್ತು ಕಪಾಲ ಇದರ ಗುರಿ. ಎರಡೂ ಅಪಾಯದ ಜಾಗಗಳು. ಜೊತೆಯವರೊಂದಿಗೆ ಕಲಿಯುವಾಗ ಒಂದು ಮೊಳ ದೂರ ಇಟ್ಟುಕೊಂಡೇ ಬೀಸಿ. ಸುಮ್ನೆ ಮೆಲ್ಲಗೆ ತಾಗಿಸುತ್ತೇನೆ ಅನ್ನುವ ಮಾತೇ ಬೇಡ. ಈ ಬೀಸನ್ನು ನಡುದಾರಿಯಲ್ಲಿ ನಿಲ್ಲಿಸುವುದು ವರ್ಷಗಟ್ಟಲೆ ಕಲಿತವರಿಗೂ ಕಷ್ಟ.

ಮೊಣಕೈಯನ್ನು ಪೂರ್ತಿ ನೆಟ್ಟಗೆ ಮಾಡಬೇಡಿ. ಹೊಡೆತ ಗಾಳಿಗೆ ಹೋದಾಗ ಎಳೆತವೆಲ್ಲಾ ಕೀಲಿನ ಮೇಲೆ ಬೀಳುತ್ತದೆ. ಒಂದು ಕೂದಲೆಳೆಯಷ್ಟು ಮಡಿಕೆ ಇರಲಿ. ಭುಜ ಕಿವಿಯ ಕಡೆಗೆ ಏರದಿರಲಿ. ಅಭ್ಯಾಸಕ್ಕೆ ಸೀಚೇ ಹೇಳಿಕೊಟ್ಟ ಉಪಾಯ ಹೀಗಿದೆ. ಸ್ನಾನದ ಟವೆಲನ್ನು ಒದ್ದೆ ಮಾಡಿ ಹಿಂಡಿ, ಒಂದು ತುದಿಗೆ ಗಂಟು ಹಾಕಿ. ಇನ್ನೊಂದು ತುದಿ ಹಿಡಿದು ತಾರಸಿಯ ಕಂಬಕ್ಕೆ ಸಾವ್ ಬೀಸಿ. ತೋಳು ಸಡಿಲವಿದ್ದರೆ ಗಂಟು ಕೊನೆಗೆ ಬಂದು ‘ಥಪ್’ ಅಂತ ಒಂದೇ ಸದ್ದು ಕೊಡುತ್ತದೆ. ತೋಳು ಬಿಗಿಯಿದ್ದರೆ ಟವೆಲ್ ಕಂಬಕ್ಕೆ ಅಡ್ಡಾದಿಡ್ಡಿ ಸುತ್ತಿಕೊಳ್ಳುತ್ತದೆ. ನನ್ನ ಅಕ್ಕನ ಚಿಕ್ಕ ಮಗಳು ಎರಡೇ ದಿನದಲ್ಲಿ ಆ ಸದ್ದು ತೆಗೆದಳು. ಮಕ್ಕಳ ಭುಜದಲ್ಲಿ ಬಿಗಿತ ಇನ್ನೂ ಸೇರಿರಲ್ಲ, ಅಲ್ವಾ.

ಸಾವ್ ದಾಟಿ ಹೋದ ಮೇಲೆ ಕೈ ಎಡಗಡೆ ಉಳಿಯುತ್ತದೆ. ಅಲ್ಲಿಂದ ಅದೇ ದಾರಿಯಲ್ಲಿ ವಾಪಸ್ ಬರುವುದೇ ಪಿನ್ ಛುಯ್, ಚಾಟಿಯ ಹೊಡೆತ. ಅಡ್ಡಡ್ಡವಾಗಿ ಹೊರಗೆ ಬೀಸಿ, ಮುಷ್ಟಿಯ ಹಿಂಭಾಗದಿಂದ. ಸೊಂಟ ಎಡದಿಂದ ಬಲಕ್ಕೆ. ಇದನ್ನು ಬೇರೆಯಾಗಿ ಕಲಿಯುವ ಬದಲು ಸಾವ್, ಪಿನ್, ಸಾವ್, ಪಿನ್ ಅಂತ ಜೋಡಿಯಾಗಿಯೇ ಕಲಿಯಿರಿ.

ಫಾವ್ ಛುಯ್ ಅಂದರೆ ಎಸೆತ. ಕೆಳಗಿನಿಂದ ಮೇಲಕ್ಕೆ. ಬಣವೆ ಒಟ್ಟುವಾಗ ಕೆಳಗೆ ನಿಂತವರು ಹುಲ್ಲಿನ ಕಟ್ಟನ್ನು ಮೇಲಿರುವವರಿಗೆ ಎಸೆಯುವುದನ್ನು ನೋಡಿದ್ದೀರಾ? ಕಟ್ಟು ಮೊದಲು ತೊಡೆಯ ಪಕ್ಕ ಹಿಂದಕ್ಕೆ ಹೋಗುತ್ತದೆ. ಮೊಣಕಾಲು ಮಡಿಯುತ್ತದೆ. ಆಮೇಲೆ ಕಾಲು, ಸೊಂಟ, ತೋಳು ಒಟ್ಟಿಗೆ ಏಳುತ್ತವೆ. ಬರೀ ತೋಳಿನಿಂದ ಎಸೆದರೆ ನಾಲ್ಕನೇ ಕಟ್ಟಿಗೇ ಸುಸ್ತು. ಬಲಗೈ ತೊಡೆಯ ಹಿಂದೆ ಇರಲಿ. ಎಡ ಅಂಗೈ ಎದುರಿನವರ ಕೈಯನ್ನು ಕೆಳಗೆ ಒತ್ತಿ, ಬಲಭುಜದ ಹತ್ತಿರ ಕಾವಲಿಗೆ ಬರಲಿ. ಅದೇ ಹೊತ್ತಿಗೆ ಬಲಮುಷ್ಟಿ ಉದ್ದ ತೋಳಿನಲ್ಲಿ ಗಲ್ಲದ ಎತ್ತರಕ್ಕೆ ಏರಲಿ. ಗಲ್ಲ ದಾಟಿ ಮೇಲೆ ಹೋದರೆ ನಿಮ್ಮ ಪಕ್ಕೆಲುಬು ಪೂರ್ತಿ ಬಯಲು. ಮೊಣಕೈ ಮಡಿಸಿ ಮೇಲೆತ್ತುವುದು ಸಾಮಾನ್ಯ ತಪ್ಪು. ಅದು ಬಾಕ್ಸಿಂಗ್‌ನ ಅಪ್ಪರ್‌ಕಟ್ ಆಗುತ್ತದೆ. ಅದು ಒಳ್ಳೆಯ ಹೊಡೆತವೇ, ಆದರೆ ಎಸೆತ ಅಲ್ಲ.

ಫೆಕ್ ಸೌದೆ ಸೀಳುವುದು. ಸೌದೆ ಸೀಳುವುದಕ್ಕೆ ಕ್ಯಾಂಟನೀಸಿನಲ್ಲೂ ಇದೇ ಕ್ರಿಯಾಪದ. ಮೇಲಿಂದ ನೇರ ಕೆಳಕ್ಕೆ, ಮುಂಗೈಯಿಂದ ಅಥವಾ ಮುಷ್ಟಿಯ ಕಿರುಬೆರಳ ಬದಿಯಿಂದ. ಕೊಡಲಿ ಹಿಡಿದವರು ಕೊರಡನ್ನು ನೋಡುತ್ತಾರೆ, ಕೊಡಲಿಯನ್ನಲ್ಲ. ನೀವೂ ನಿಮ್ಮ ಕೈಯನ್ನು ನೋಡಬೇಡಿ.

ಚೋಂಗ್ ಹತ್ತಿರದ ಹೊಡೆತ. ಚೀನಾದ ದೇವಾಲಯಗಳ ದೊಡ್ಡ ಗಂಟೆಗೆ ಒಳಗೆ ನಾಲಗೆ ಇರಲ್ಲ. ಹಗ್ಗದಲ್ಲಿ ಅಡ್ಡಕ್ಕೆ ತೂಗುಹಾಕಿದ ಮರದ ತೊಲೆಯಿಂದ ಹೊರಗಿನಿಂದ ಬಡಿಯುತ್ತಾರೆ. ಹಾಗೆ ಬಡಿಯುವುದಕ್ಕೆ ಚೋಂಗ್ ಅನ್ನುತ್ತಾರೆ. ತೊಲೆ ತಾನಾಗಿ ಏನೂ ಮಾಡಲ್ಲ, ಎಳೆದು ಬಿಡುವವರ ಮೈಯೇ ಬಲ. ಮೊಣಕೈ ಮಡಿಸಿ ಹಾಗೇ ಇಟ್ಟು, ಇನ್ನೊಂದು ಕೈಯಿಂದ ಎದುರಿನವರ ತೋಳನ್ನು ಮೇಲೆತ್ತಿ, ಹೆಜ್ಜೆ ಮುಂದಿಟ್ಟು ಮೈಯಿಂದಲೇ ಮುಷ್ಟಿಯನ್ನು ಓರೆಯಾಗಿ ಮೇಲಕ್ಕೆ ನುಗ್ಗಿಸಬೇಕು. ಕೈ ಪ್ರತ್ಯೇಕವಾಗಿ ಚಲಿಸಿದರೆ ಚೋಂಗ್ ಆಗಲಿಲ್ಲ.

ಇನ್ನೆರಡನ್ನು ಬೇಗ ಹೇಳುತ್ತೇನೆ. ಖೌ ಅಂದರೆ ಅಂಗಿಯ ಗುಂಡಿ ಹಾಕುವುದು, ಕೊಂಡಿ ಸಿಕ್ಕಿಸುವುದು. ಒಳಕ್ಕೆ ಬಾಗಿ ಸಿಕ್ಕಿಸುವ ಕೈ ಅದು, ಬರಹದಲ್ಲಿ ತೋರಿಸಲು ಬರಲ್ಲ, ಕಣ್ಣಾರೆ ನೋಡಿಯೇ ಕಲಿಯಬೇಕು. ಪಿಯು ಬೆರಳ ತುದಿಗಳಿಂದ ಬಾಣದಂತೆ ಚುಚ್ಚುವುದು. ಗುರಿ ಕಣ್ಣು, ಗಂಟಲು. ನಾನು ಅದನ್ನು ಮಕ್ಕಳಿಗೆ ಹೇಳಿಕೊಡುವುದಿಲ್ಲ. ಆಟದ ಜಗಳದಲ್ಲಿ ಬಳಸಿಬಿಟ್ಟರೆ ತಿದ್ದಲು ಆಗದ ಕೈ ಅದು.

ಒಂದೊಂದೂ ಕೈಗೆ ಹತ್ತಿದ ಮೇಲೆ ಜೋಡಿಸುವುದು. ಎಲ್ಲರಿಗಿಂತ ಹೆಚ್ಚಾಗಿ ಪಕ್ ಸಿಂಗ್ ಕವಲಿನವರು ಪ್ರೀತಿಸುವ ಜೋಡಣೆ ಕ್ವಾ, ಸಾವ್, ಛಾಪ್. ಮೂರೇ ಹೊಡೆತ. ಬಲಗೈ ಕ್ವಾ ಮಾಡಿದಾಗ ಎದುರಿನವರ ಕೈ ಮೇಲೇರುತ್ತದೆ. ಎಡಗೈ ಸಾವ್ ಪಕ್ಕದಿಂದ ಬರುತ್ತದೆ, ಅವರ ಗಮನ ಪಕ್ಕಕ್ಕೆ ಹೋಗುತ್ತದೆ. ಬಲಗೈ ಛಾಪ್ ನಡುವಿನ ನೇರ ದಾರಿಯಲ್ಲಿ ಹೋಗುತ್ತದೆ. ಮೇಲೆ, ಪಕ್ಕ, ನಡು. ಪ್ರತಿ ಹೊಡೆತದ ಕೊನೆ ಮುಂದಿನದರ ಶುರು. ಸಾವ್‌ಗೆ ಸೊಂಟ ಬಲಕ್ಕೆ ತಿರುಗಿದಾಗ ಬಲಮುಷ್ಟಿ ತಾನಾಗಿ ಹಿಂದೆ ಸೇರುತ್ತದೆ, ಛಾಪ್‌ಗೆ ಸಿದ್ಧವಾಗಿ. ಹಾಗಾಗಿ ನಡುವೆ ನಿಲ್ಲಬೇಡಿ. ನಿಂತರೆ ಆ ಸಿದ್ಧತೆಯನ್ನು ಮತ್ತೆ ಮಾಡಬೇಕಾಗುತ್ತದೆ. ಮೊದಲು ನೀರಿನೊಳಗೆ ಮಾಡಿದಷ್ಟು ನಿಧಾನ. ಒಂದು ತಿಂಗಳಾದ ಮೇಲೆ ವೇಗ.

ಈ ಮೂರನ್ನು ನಾನು ನೋಡಿದ್ದರಲ್ಲಿ ಚೆಂದವಾಗಿ ಮಾಡಿದ್ದು ಕಿಂಗ್ ಮುಯ್ ಹಳ್ಳಿಯ ಒಬ್ಬ ಹುಡುಗ. ಸೀಚೇ ಜೊತೆ ಬಸ್ಸಿನಲ್ಲಿ ಹೋಗಿದ್ದೆ. ಶಿನ್‌ಹುಯಿ ಒಣಗಿಸಿದ ಕಿತ್ತಳೆ ಸಿಪ್ಪೆಗೆ ಹೆಸರುವಾಸಿ. ಬೀದಿಯುದ್ದಕ್ಕೂ ಆ ಹುಳಿ ಕಹಿ ವಾಸನೆ. ಅಂಗಳದಲ್ಲಿ ಹನ್ನೊಂದು ಹನ್ನೆರಡು ವಯಸ್ಸಿನ ಹುಡುಗ ಒಬ್ಬನೇ ಕ್ವಾ, ಸಾವ್, ಛಾಪ್ ಮಾಡುತ್ತಿದ್ದ. ಪ್ರತಿ ಛಾಪ್ ಜೊತೆ ‘ಯಿಕ್!’ ಅಂತ ಚಿಕ್ಕದಾಗಿ ಕೂಗುತ್ತಿದ್ದ. ಆ ಕೂಗೂ ಪಾಠದ ಭಾಗ. ಚೋಯ್ ಲೀ ಫತ್‌ನಲ್ಲಿ ಮುಷ್ಟಿಗೆ ಯಿಕ್, ಒದೆತಕ್ಕೆ ತಿಕ್, ಹುಲಿ ಪಂಜದಂತೆ ಹಿಡಿದ ಕೈಗೆ ವಾ ಅಂತ ಬೇರೆ ಬೇರೆ ಕೂಗುಗಳಿವೆ. ಕೂಗಿದಾಗ ಉಸಿರು ತಾನಾಗಿ ಹೊರಹೋಗುತ್ತದೆ, ಹೊಟ್ಟೆ ಬಿಗಿಯುತ್ತದೆ. ಉಸಿರು ಹಿಡಿದುಕೊಂಡು ಹೊಡೆಯುವ ತಪ್ಪು ಇದರಿಂದ ಹೋಗುತ್ತದೆ. ಅಕ್ಕಪಕ್ಕದ ಮನೆಯವರ ಸಂಕೋಚ ಇದ್ದರೆ ಬಾಯೊಳಗೇ ಅಂದುಕೊಳ್ಳಿ, ಆದರೆ ಬಿಡಬೇಡಿ.

ಮನೆಯಲ್ಲಿ ದಿನಕ್ಕೆ ನಲವತ್ತು ನಿಮಿಷ ಸಾಕು. ಹತ್ತು ನಿಮಿಷ ಭುಜ, ಸೊಂಟ, ಮಣಿಕಟ್ಟು ತಿರುಗಿಸಿ ಮೈ ಬಿಸಿ ಮಾಡಿಕೊಳ್ಳಿ. ಭುಜವನ್ನು ಮುಂದಕ್ಕೆ ಇಪ್ಪತ್ತು, ಹಿಂದಕ್ಕೆ ಇಪ್ಪತ್ತು ದೊಡ್ಡ ಸುತ್ತು ತಿರುಗಿಸಲೇಬೇಕು. ಉದ್ದ ತೋಳಿನ ಹೊಡೆತಗಳಿಗೆ ಭುಜದ ಕೀಲೇ ಆಧಾರ. ಐದು ನಿಮಿಷ ಕುದುರೆ ನಿಲುವು, ನಡುನಡುವೆ ಎದ್ದು. ಆಮೇಲೆ ಒಂದು ದಿನಕ್ಕೆ ಎರಡೇ ಹೊಡೆತ ಆರಿಸಿಕೊಂಡು, ಪ್ರತಿ ಕೈಗೆ ಇಪ್ಪತ್ತರಂತೆ ಮೂರು ಸುತ್ತು. ಎಡಗೈ ದಡ್ಡ ಅಂತ ಅದಕ್ಕೆ ಕಮ್ಮಿ ಮಾಡಬೇಡಿ. ಎಡಗೈಯಿಂದಲೇ ಶುರು ಮಾಡಿ, ಮೈಯಲ್ಲಿ ಹುರುಪು ಇರುವಾಗ.

ಚೀಲಕ್ಕೆ ಹೊಡೆಯುವುದು ಆರು ತಿಂಗಳ ಮೇಲೆ. ಮರಳು ಬೇಡ, ಹಳೇ ಬಟ್ಟೆ ತುಂಬಿದ ಚೀಲ ಸಾಕು. ನಮ್ಮ ತಾರಸಿಯಲ್ಲಿ ಗೋಡೆಗೆ ಹೆಸರುಕಾಳು ತುಂಬಿದ ಸಣ್ಣ ಚೀಲ ನೇತು ಹಾಕಿದ್ದರು. ಸೀಚೇ ಅದಕ್ಕೆ ಕ್ವಾ ಹೊಡೆದರೆ ಕಾಳು ಒಳಗೆ ಹರಿಯುವ ಸದ್ದು ಕೇಳಿಸುತ್ತಿತ್ತು. ನಾವು ಹೊಡೆದರೆ ಬರೀ ಗೋಡೆ ಸದ್ದು. ಪೆಟ್ಟು ಚೀಲದೊಳಗೆ ಇಳಿಯುತ್ತಿದೆಯಾ, ಮೇಲೇ ನಿಲ್ಲುತ್ತಿದೆಯಾ ಅಂತ ತಿಳಿಯಲು ಅದಕ್ಕಿಂತ ಒಳ್ಳೆಯ ಪರೀಕ್ಷೆ ನಾನು ಕಂಡಿಲ್ಲ. ಮೈಸೂರಿನಲ್ಲಿ ನಾನೂ ಒಂದು ಕೆಜಿ ಹೆಸರುಕಾಳಿನ ಚೀಲ ಹೊಲಿದು ಮಹಡಿ ಗೋಡೆಗೆ ಕಟ್ಟಿದ್ದೇನೆ. ಎರಡು ಪದರ ದಪ್ಪ ಜೀನ್ಸ್ ಬಟ್ಟೆ, ಹೊಲಿಗೆ ಒಳಗೆ ಬರುವ ಹಾಗೆ. ತೆಳು ಬಟ್ಟೆಯಾದರೆ ವಾರದಲ್ಲೇ ಹರಿಯುತ್ತದೆ. ಮಳೆಗಾಲದಲ್ಲಿ ಒಳಗೆ ತಂದಿಡಿ, ಇಲ್ಲದಿದ್ದರೆ ಕಾಳು ಮೊಳಕೆ ಬರುತ್ತದೆ.